ಬಡತನ ನೋಡಲು ಬಂದವರು

ಬೈಲಹೊಂಗಲ
ಬುಧವಾರ, ೧೦ ಸೆಪ್ಟೆಂಬರ್ ೨೦೨೫

ತಂಗಿ ಸಪ್ನಾಗೆ,

ನಿನ್ನ ಅಣ್ಣ ಶ್ರೀಶೈಲ ಮಾಡುವ ಆಶೀರ್ವಾದಗಳು. ನಾವೆಲ್ಲ ಕ್ಷೇಮ ಎಂದು ಬರೆಯುವುದು ರೂಢಿ. ಅದನ್ನು ಬರೆಯುವ ಮೊದಲು ನಿನಗೆ ಒಂದು ಮಾತು ಹೇಳಬೇಕು. ಒಂದೂವರೆ ವರ್ಷದಿಂದ ಮುಚ್ಚಿಟ್ಟ ಮಾತು.

ನಿನ್ನ ಶಾಲೆಯವರು ಫೀ ಬಿಟ್ಟಿದ್ದು ನಿನ್ನ ಮಾರ್ಕ್ಸ್ ನೋಡಿ ಅಲ್ಲ. ನಮ್ಮ ಮನೆ ನೋಡಿ.

ಸೀಟು ನಿನ್ನದೇ, ಅದರಲ್ಲಿ ಅನುಮಾನ ಬೇಡ. ಪರೀಕ್ಷೆ ಬರೆದು ಪಡೆದದ್ದು. ಆದರೆ ಸೀಟು ಬೇರೆ, ಫೀ ಬೇರೆ. ಇಲ್ಲದವರ ಮಕ್ಕಳಿಗೆಂದು ಆ ಸಂಸ್ಥೆಯವರು ಪ್ರತಿವರ್ಷ ಕೆಲವು ಮಕ್ಕಳ ಫೀ ಪೂರ್ತಿ ಬಿಡುತ್ತಾರೆ. ಊಟ, ವಸತಿ, ಪುಸ್ತಕ ಎಲ್ಲ ಸೇರಿ. ನೀನು ಹಾಗೆ ಬಂದವಳು. ಯಲ್ಲವ್ವನೂ ಹಾಗೆಯೇ ಬಂದವಳು. ನಿಮ್ಮಿಬ್ಬರಲ್ಲಿ ಒಂದು ಕೂದಲಿನಷ್ಟೂ ಫರಕಿಲ್ಲ. ಇರುವುದು ಒಂದೇ: ಅವಳ ಮನೆಯವರು ಅವಳಿಗೆ ಖರೆ ಹೇಳಿ ಕಳಿಸಿದ್ದಾರೆ, ನಾನು ನಿನಗೆ ಸುಳ್ಳು ಹೇಳಿ ಕಳಿಸಿದೆ.

ಇದನ್ನು ರವಿವಾರ ವಾರ್ಡನ್ ಮೇಡಂ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಆಗ ನಿನ್ನ ಹಿಂದೆ ಹತ್ತು ಹುಡುಗಿಯರು ತಮ್ಮ ಪಾಳಿಗೆ ಕಾಯುತ್ತ ನಿಂತಿರುತ್ತಾರೆ. ಅಷ್ಟೇ ಅಲ್ಲ, ರವಿವಾರದವರೆಗೆ ಕಾಯುವಂತೆಯೂ ಇಲ್ಲ. ಅದಕ್ಕೇ ಕಾಗದ. ಮೇಡಂ ಬಿಡಿಸಿ ಓದಿದರೆ ಓದಲಿ.

ನಿನ್ನ ಕಾಗದ ಸೋಮವಾರ ಬಂತು. ಮಾರ್ಕೆಟ್ ಯಾರ್ಡಿನ ಗೇಟಿನಲ್ಲಿ ಗಾಡಿ ನಿಲ್ಲಿಸಿಕೊಂಡು ಓದಿದೆ. ಈಗ ನಾನು ಟಂಟಂ, ಮೂರು ಗಾಲಿಯ ಬಾಡಿಗೆ ಗಾಡಿ, ಹೊಡೆಯುತ್ತೇನೆ. ಗ್ಯಾರೇಜಿನ ಕೆಲಸ ಬಿಟ್ಟೆ. ಸವದತ್ತಿಯ ಮೊಬೈಲ್ ಅಂಗಡಿಯನ್ನು ಅದಕ್ಕೂ ಮೊದಲೇ ಬಿಟ್ಟಿದ್ದೆ. ಒಂದು ಕಡೆ ಕೂಡ್ರುವ ಜಾತಿಯಲ್ಲ ಇದು ಎಂದು ಅವ್ವ ಗೋಡೆಗೆ ಹೇಳುತ್ತಿರುತ್ತಾಳೆ. ನನಗೆ ಹೇಳದೆ ಗೋಡೆಗೆ ಯಾಕೆ ಹೇಳುತ್ತಾಳೆ ಎಂಬುದನ್ನು ಮುಂದೆ ಬರೆಯುತ್ತೇನೆ.

ಮೊದಲ ಪುಟ ಓದಿ ಖುಷಿಪಟ್ಟೆ. ಖೋಖೋ ತಂಡ, ಗಣಿತದ ಮೇಡಂ ಹೊಗಳಿದ್ದು, ಎಲ್ಲ. ಎರಡನೆಯ ಪುಟದಲ್ಲಿ ಯಲ್ಲವ್ವ ಬಂದಳು. ಸಿರಸಂಗಿಯ ಹುಡುಗಿ, ಈ ವರ್ಷ ಸೇರಿದವಳು, ನಿನ್ನ ಖೋಲಿಯಲ್ಲೇ ಇದ್ದಾಳೆ, ಬಂದ ವಾರದಲ್ಲೇ ತನ್ನನ್ನು ಪುಕ್ಕಟೆ ಓದಿಸುತ್ತಿದ್ದಾರೆ ಎಂದು ತಾನಾಗಿ ಎಲ್ಲರಿಗೂ ಹೇಳಿಕೊಂಡಳು ಎಂದು ಬರೆದಿದ್ದೀ. ಊಟದ ಹೊತ್ತಿನಲ್ಲಿ ಅವಳು ಮತ್ತೊಂದು ರೊಟ್ಟಿಗೆ ಕೈ ಚಾಚಿದಳು. ಆಗ ನೀನು ಹೇಳಿದ್ದನ್ನೂ ಇದ್ದದ್ದು ಇದ್ದಂತೆ ಬರೆದಿದ್ದೀ. "ಪುಕ್ಕಟ ಅಂದ್ರ ಹೊಟ್ಟಿನೂ ದೊಡ್ಡದಾಗತೈತಿ ನೋಡ್ರಿ." ಎಲ್ಲರೂ ನಕ್ಕರು. ಅವಳು ರೊಟ್ಟಿಯನ್ನು ತಿರುಗಿ ಬುಟ್ಟಿಯಲ್ಲಿಟ್ಟಳು. ಆವತ್ತಿನಿಂದ ಹಾಕಿದ್ದಷ್ಟೇ ತಿಂದು ಏಳುತ್ತಾಳೆ. ಬರುವ ರವಿವಾರ ಅವಳಪ್ಪ ಹಣಮಂತಪ್ಪ ಬಂದು ಅವಳನ್ನು ಊರಿಗೆ ಕರೆದುಕೊಂಡು ಹೋಗುತ್ತಾನೆ, ಇನ್ನು ಬರುವುದಿಲ್ಲವಂತೆ, ಟ್ರಂಕು ತುಂಬಿಟ್ಟಿದ್ದಾಳೆ.

ಕೊನೆಗೆ ನೀನು ಕೇಳಿದ್ದೀ, ಅಣ್ಣಾ, ಇದರಲ್ಲಿ ನನ್ನದೇನು ತಪ್ಪು, ನಾನು ಸುಳ್ಳು ಹೇಳಲಿಲ್ಲವಲ್ಲ, ಖರೆ ಹೇಳಲು ಅಂಜಬಾರದು ಎಂದು ನೀನೇ ಹೇಳುತ್ತಿದ್ದೆಯಲ್ಲ ಎಂದು.

ಆ ಸಾಲು ಓದಿ ಗಾಡಿಯಿಂದ ಇಳಿದೆ. ಮತ್ತೆ ಹತ್ತಿದೆ. ಒಬ್ಬರು ಶೇಂಗಾ ಚೀಲ ಹಾಕಬೇಕು ಬಾ ಎಂದು ಕರೆದರು, ಹೋಗಲಿಲ್ಲ. ನನ್ನ ಮಾತನ್ನು ನನ್ನ ತಂಗಿ ಇನ್ನೊಂದು ಕೂಸಿನ ಬಾಯಿಂದ ರೊಟ್ಟಿ ಕಸಿಯಲು ಬಳಸಿದ್ದಳು. ಅದೂ ನನ್ನದೇ ಒಂದು ಸುಳ್ಳಿನ ಮೇಲೆ ನಿಂತು.

ಈಗ ನಡೆದದ್ದು ನಡೆದಂತೆ ಬರೆಯುತ್ತೇನೆ.

ಅಪ್ಪ ತೀರಿಕೊಂಡ ಮೇಲೆ ಯಾರ್ಡಿನಲ್ಲಿದ್ದ ನಮ್ಮ ಕಾಳಿನ ದಲಾಲಿಯ ಅಡತಿ ಅಂಗಡಿ ಬೇರೆಯವರದಾಯಿತು. ಅಷ್ಟು ನಿನಗೂ ಗೊತ್ತು. ಅಂಗಡಿ ಹೋದರೂ ಓಣಿಯಲ್ಲಿ ನಮ್ಮದು ಅಡತಿಯವರ ಮನೆ ಎಂದೇ ಉಳಿಯಿತು. ಬಾಗಿಲಿಗೆ ಅಪ್ಪನ ಕಾಲದ ಹಿತ್ತಾಳೆ ಕಡಗ, ಒಳಗೆ ಮೂರು ಕಾಲಿನ ಖುರ್ಚಿ. ಹೆಸರು ಉಳಿದಿದ್ದೇ ಅವ್ವನಿಗೆ ಭಾರವಾಯಿತು. ಹೆಸರು ಇಲ್ಲದಿದ್ದರೆ ಯಾರ ಮನೆಗಾದರೂ ಕೆಲಸಕ್ಕೆ ಹೋಗುತ್ತಿದ್ದಳೇನೋ.

ಅವ್ವ ಮಧ್ಯಾಹ್ನ ರೊಟ್ಟಿ ಬಡಿಯುತ್ತಿದ್ದುದು ನಿನಗೆ ನೆನಪಿರಬೇಕು. ಮಠದ ದಾಸೋಹಕ್ಕೆ ಎಂದು ನಿನಗೂ ಹೇಳಿದ್ದಳು, ಓಣಿಗೂ ಹೇಳಿದ್ದಳು. ನೀನು ಶಾಲೆಯಿಂದ ಬಂದು ಆ ಬುಟ್ಟಿಗೆ ಕೈ ಮುಗಿಯುತ್ತಿದ್ದೆ. ಅವು ಮಠಕ್ಕೆ ಹೋಗಲಿಲ್ಲ ಸಪ್ನಾ. ಬಸ್ ಸ್ಟ್ಯಾಂಡಿನ ಎದುರಿನ ಖಾನಾವಳಿಗೆ ಹೋಗುತ್ತಿದ್ದವು. ಹಿತ್ತಲ ಬಾಗಿಲಿನಿಂದ ಒಯ್ದು ಕೊಡುತ್ತಿದ್ದವನು ನಾನು. ನಮ್ಮ ಒಲೆ ಉರಿಯುತ್ತಿದ್ದುದೇ ಅದರಿಂದ.

ನಮ್ಮ ಮನೆಯ ಎದುರಿಗೆ ರಾಯಪ್ಪ ಕಾಕಾನ ಹಿಟ್ಟಿನ ಗಿರಣಿ ಇದೆಯಲ್ಲ, ಅದು ಓಡುವಾಗ ಮಾತ್ರ ಅವ್ವನ ಕೈ ಓಡುತ್ತಿತ್ತು. ಗಿರಣಿಯ ಸದ್ದಿನಲ್ಲಿ ರೊಟ್ಟಿಯ ಸದ್ದು ಮುಳುಗಲಿ ಎಂದು. ದಿನಾ ಅಷ್ಟು ಹೊತ್ತು ರೊಟ್ಟಿ ಬಡಿಯುವ ಮನೆಗೆ ಅಷ್ಟು ಮಂದಿ ಯಾರಿದ್ದಾರೆ ಎಂದು ಯಾರಾದರೂ ಕೇಳಿಯಾರು ಎಂಬ ಅಂಜಿಕೆ. ಕರೆಂಟು ಹೋಗಿ ಗಿರಣಿ ನಿಂತರೆ ಅವ್ವನೂ ನಿಲ್ಲುತ್ತಿದ್ದಳು. ಆದರೆ ಕೈ ಹಾಗೆ ತಟ್ಟನೆ ನಿಲ್ಲುವುದಿಲ್ಲ. ಒಂದೆರಡು ಏಟು ಓಣಿಗೆಲ್ಲ ಕೇಳಿಸಿಬಿಡುತ್ತಿತ್ತು. ಕೇಳಿಸಿಕೊಂಡವರು ಕಿವುಡರಂತೆ ಇದ್ದರು. ಅದು ಅವರ ದೊಡ್ಡತನ ಎಂದು ಈಗ ಅನಿಸುತ್ತದೆ. ಆಗ ನನಗೆ ಅದು ಇಡೀ ಓಣಿ ಕೂಡಿ ಆಡುವ ಸುಳ್ಳು ಎಂದು ಅನಿಸಿ ಮೈ ಉರಿಯುತ್ತಿತ್ತು.

ನಿನಗೆ ಸೀಟು ಸಿಕ್ಕಿತು ಎಂದು ಫೋನ್ ಬಂದ ದಿನ ನೀನು ಓಣಿಯ ತುಂಬ ಓಡಿ ಹೇಳಿ ಬಂದೆ. ನೀನು ಮಲಗಿದ ಮೇಲೆ ಅವ್ವ ಬೇಡ ಎಂದಳು. ರಾಮದುರ್ಗದ ಆಚೆ, ದೊಡ್ಡವರ ಮಕ್ಕಳು ಓದುವ ಶಾಲೆ, ನಮ್ಮಿಂದ ಆಗುವುದಲ್ಲ ಎಂದಳು. ನಾನು ಬಸ್ಸು ಹತ್ತಿ ಹೋಗಿ ಆಫೀಸಿನಲ್ಲಿ ವಿಚಾರಿಸಿದೆ. ಅರ್ಜಿ ಕೊಡಿ, ನಮ್ಮವರು ಬಂದು ಮನೆ ನೋಡುತ್ತಾರೆ, ಖರೆಯೇ ಇಲ್ಲದವರು ಎಂದು ಅನಿಸಿದರೆ ಫೀ ಬಿಡುತ್ತಾರೆ ಎಂದರು. ಅಲ್ಲಿಯೇ ಕುಳಿತು ಅರ್ಜಿ ಬರೆದುಕೊಟ್ಟೆ. ಮನೆಗೆ ಬಂದು ಅವ್ವನಿಗೆ ಎಲ್ಲ ಬಿಡಿಸಿ ಹೇಳಿದೆ. ಏನೂ ಮುಚ್ಚಲಿಲ್ಲ. ಅವರು ಬರುವುದು ನಮ್ಮ ಬಡತನ ನೋಡಲು, ಮನೆ ಇದ್ದ ಹಾಗೆಯೇ ಇರಲಿ ಎಂದೆ.

ಅವ್ವ ಒಲೆಯ ಬೂದಿ ತೆಗೆದು ಚೆಲ್ಲಿ ಬಂದಳು. ಆಮೇಲೆ ಹೇಳಿದಳು, "ಯಾಕರ ಬರ್ಲಿ. ಬಂದವರನ್ನ ಚಾಪಿ ಮ್ಯಾಲ ಕುಂದರ್ಸಿ ಬರೇ ನೀರ ಕೊಟ್ಟ ಕಳಿಸಿದ್ದು ನಿಮ್ಮಪ್ಪನ ಮನ್ಯಾಗ ಎಂದೂ ಆಗಿಲ್ಲ."

ನಮ್ಮ ಕಡೆ ಹೆಣ್ಣು ನೋಡಲು ಬೀಗರು ಬರುವಾಗ ಓಣಿಯವರು ಏನು ಮಾಡುತ್ತಾರೆ, ನೀನು ನೋಡಿದ್ದೀ. ಒಬ್ಬರ ಮನೆಯ ಖುರ್ಚಿ, ಒಬ್ಬರ ಮನೆಯ ತಾಟು, ಒಬ್ಬರ ಮನೆಯ ಹೊಸ ಚಾದರ. ಬೀಗರಿಗೂ ಗೊತ್ತಿರುತ್ತದೆ, ಅವರೂ ತಮ್ಮ ಓಣಿಯಲ್ಲಿ ಇದನ್ನೇ ಮಾಡಿರುತ್ತಾರೆ. ಯಾರೂ ಅದನ್ನು ಸುಳ್ಳು ಎನ್ನುವುದಿಲ್ಲ. ಅವ್ವ ಅದನ್ನೇ ಮಾಡಿದಳು. ಓಣಿಗೆ ಫೀ ಮಾತು ಹೇಳಲಿಲ್ಲ. ದೊಡ್ಡ ಶಾಲೆ, ಹುಡುಗಿಯ ಮನೆತನ ನೋಡಿ ಸೇರಿಸಿಕೊಳ್ಳುತ್ತಾರೆ ಎಂದಳು. ಪಕ್ಕದ ಮನೆಯ ಪದ್ಮವ್ವ ದೊಡ್ಡವ್ವ ಸೊಂಟಕ್ಕೆ ಸೆರಗು ಕಟ್ಟಿ ನಿಂತಳು. "ಮನಿ ನೋಡಿ ಹೆಣ್ಣ ತರೂದು ಕೇಳಿದ್ದೆ, ಮನಿ ನೋಡಿ ಸಾಲಿಗಿ ತಗೊಳ್ಳೂದು ಇವತ್ತ ಕೇಳಿದೆ. ನಡೀರಿ, ನಮ್ಮ ಖುರ್ಚಿ ಒಯ್ಯಿರಿ. ನಿಮ್ಮ ಖುರ್ಚಿ ಮ್ಯಾಲ ಕುಂತರ ಮಾಸ್ತರ ನೆಲಾ ಹಿಡೀತಾನ." ಖುರ್ಚಿಗಳು ಬಂದವು. ರಾಯಪ್ಪ ಕಾಕಾ ತನ್ನ ಟಿ.ವಿ. ಹೊತ್ತು ತಂದು ನಮ್ಮ ಗೋಡೆಗೆ ಹಾಕಿದ. ಬೆಳ್ಳಿ ತಾಟು ಬಂತು, ಫ್ಯಾನು ಬಂತು. ನಿನ್ನನ್ನು ಹಿಂದಿನ ದಿನವೇ ಮುನವಳ್ಳಿಯ ಚಿಗವ್ವನ ಮನೆಗೆ ಕಳಿಸಿದ್ದು ಇದಕ್ಕೇ. ನೀನು ಇದ್ದರೆ ಇದು ನಮ್ಮದಲ್ಲ ಎಂದು ಕೂಗಿ ಹೇಳುತ್ತೀ ಎಂದು ಅವ್ವನಿಗೆ ಅಂಜಿಕೆ. ಕೂಗಿ ಹೇಳುವವನು ಮನೆಯಲ್ಲೇ ಇದ್ದ.

ಬಂದವರು ಇಬ್ಬರು. ನಿಜಗುಣಪ್ಪ ಮಾಸ್ತರರು ಎಂದು ಒಬ್ಬರು ನಿವೃತ್ತ ಮುಖ್ಯೋಪಾಧ್ಯಾಯರು, ಅವರ ಜೋಡಿ ಆಫೀಸಿನ ಒಬ್ಬರು ಮೇಡಂ. ಅವ್ವ ಕೆಂಪು ಸೆರಗಿನ ಇಳಕಲ್ ಸೀರೆ ಉಟ್ಟಿದ್ದಳು. ಹೋಳಿಗೆ ಮಾಡಿದ್ದಳು. ಬೆಳ್ಳಿ ತಾಟಿನಲ್ಲಿ ಹೋಳಿಗೆ, ಮೇಲೆ ತುಪ್ಪ. ಅವರು ಬೇಡ ಬೇಡ ಎಂದರೂ ಇನ್ನೊಂದು ಹಾಕಿದಳು. ಮಾಸ್ತರರು ಟಿ.ವಿ. ಕಡೆ ನೋಡಿದರು, ಫ್ಯಾನಿನ ಕಡೆ ನೋಡಿದರು, ಖುರ್ಚಿಯ ಕೈ ಸವರಿದರು. ಅವ್ವ ಬಡಿಸಿದಷ್ಟೂ ಅವರ ಮುಖ ಸಣ್ಣದಾಗುತ್ತಿತ್ತು. ನಾನು ಹೊಸ್ತಿಲಲ್ಲಿ ನಿಂತು ಅದನ್ನು ನೋಡುತ್ತಿದ್ದೆ. ನನ್ನ ಹಿಂದೆ ಅರ್ಧ ಓಣಿ ನಿಂತಿತ್ತು.

ಕೈ ತೊಳೆದುಕೊಂಡು ಬಂದು ಅವರು ಬಹಳ ಮೆತ್ತಗೆ ಹೇಳಿದರು. "ತಾಯೀ, ನಿಮ್ಮ ಮನಿ ನೋಡಿ ಸಂತೋಷ ಆತ್ರಿ. ಹುಡುಗಿನೂ ಶಾಣ್ಯಾ ಅದಾಳ, ಸೀಟ ಅಂತೂ ಅಕೀದ. ಆದ್ರ ಫೀ ಬಿಡೂದು ಏನೂ ಇಲ್ಲದವ್ರಿಗೆ. ನೀವೂ ತಿಳದವ್ರು, ತಪ್ಪ ತಿಳ್ಕೋಬ್ಯಾಡ್ರಿ."

ಅವ್ವ ತಲೆಯಾಡಿಸಿದಳು. ಹೌದು ಎನ್ನುವಂತೆ ತಲೆಯಾಡಿಸಿದಳು ಸಪ್ನಾ. ಮರ್ಯಾದೆ ಉಳಿಯಿತು, ಮಗಳ ಶಾಲೆ ಹೋಯಿತು, ಅದಕ್ಕೆ ತಲೆಯಾಡಿಸಿದಳು. ನನಗೆ ಅದನ್ನು ತಡೆಯಲು ಆಗಲಿಲ್ಲ.

"ಸರ, ಮನಿ ಅಷ್ಟ ನಮ್ದರಿ. ಒಳಗಿಂದೆಲ್ಲಾ ಓಣಿದು" ಎಂದೆ.

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಅಷ್ಟಕ್ಕೇ ಅವರಿಗೆ ತಿಳಿಯುತ್ತಿತ್ತು. ನಾನು ನಿಲ್ಲಿಸಲಿಲ್ಲ. ಒಂದೊಂದಕ್ಕೂ ಬೆರಳು ಮಾಡಿ ಇದು ಇವರದು, ಇದು ಅವರದು ಎಂದು ಹೇಳುತ್ತ ಹೋದೆ. ನೀವು ಕುಳಿತ ಖುರ್ಚಿ ಪದ್ಮವ್ವ ದೊಡ್ಡವ್ವನದು, ಟಿ.ವಿ. ಗಿರಣಿಯವರದು, ನೀವು ಉಂಡ ತಾಟೂ ನಮ್ಮದಲ್ಲ. ಹೇಳುವಾಗ ಒಂದು ನಮೂನೆ ಹುರುಪು ಬರುತ್ತದೆ, ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಇಡೀ ಓಣಿಯಲ್ಲಿ ಖರೆ ಹೇಳುವವನು ನಾನೊಬ್ಬನೇ ಎಂಬ ಹುರುಪು. ಆ ಹುರುಪಿನಲ್ಲಿ ಅವ್ವನ ಕಡೆ ತಿರುಗಿ, ಅವ್ವ ಉಟ್ಟ ಸೀರೆಯೂ ದೊಡ್ಡವ್ವನದೇ ಎಂದುಬಿಟ್ಟೆ.

ಅವ್ವ ಸೆರಗು ಹಿಡಿದುಕೊಂಡಳು. ಏನೋ ಹೇಳಲು ಬಾಯಿ ತೆರೆದಳು. ಮಾಸ್ತರರನ್ನು ನೋಡಿದಳು. ಬಾಯಿ ಮುಚ್ಚಿದಳು.

ನಾನು ಅಡಿಗೆ ಮನೆಯ ಬಾಗಿಲು ನೂಕಿದೆ. ಒಳಗೆ ಬಟ್ಟೆ ಮುಚ್ಚಿದ ರೊಟ್ಟಿಯ ಥಪ್ಪಿಗಳು. ಇವು ಮಠಕ್ಕಲ್ಲ, ಖಾನಾವಳಿಗೆ, ನಾವು ಬದುಕುವುದು ಇದರ ಮೇಲೆ ಎಂದೆ. ಬಾಗಿಲಲ್ಲಿ ನಿಂತವರಲ್ಲಿ ಯಾರೂ ಗಾಬರಿಯಾಗಲಿಲ್ಲ. ಎಲ್ಲರಿಗೂ ಗೊತ್ತಿದ್ದದ್ದೇ. ಎಲ್ಲರೂ ನೆಲ ನೋಡಿದರು. ಮಾಸ್ತರರೂ ನೆಲ ನೋಡಿದರು. ಅವ್ವನನ್ನು ನೇರವಾಗಿ ನೋಡುತ್ತಿದ್ದವನು ನಾನೊಬ್ಬನೇ.

ಬಂದವರು ಮುಂದೆ ಏನೂ ಕೇಳಲಿಲ್ಲ. ತಿಳಿಸುತ್ತೇವೆ ಎಂದು ಹೇಳಿ ಚಪ್ಪಲಿ ಮೆಟ್ಟಿ ಹೊರಟರು. ಅವರ ಬೆನ್ನಿಗೇ ಸಾಮಾನುಗಳೂ ಹೊರಟವು. ಹೆಣ್ಣು ನೋಡುವ ಶಾಸ್ತ್ರ ಮುಗಿದ ಮೇಲೆ ಓಣಿಯವರು ಸಾಮಾನು ಒಯ್ಯುವಾಗ ಎಷ್ಟು ಚೇಷ್ಟೆ ಮಾಡುತ್ತಾರೆ, ವರ ಕುಂಟ, ಬೀ‌ಗ ಬೋಳ ಎಂದು ನಗುತ್ತಾರೆ. ಆವತ್ತು ಯಾರೂ ಮಾತಾಡಲಿಲ್ಲ. ರಾಯಪ್ಪ ಕಾಕಾ ಟಿ.ವಿ. ಬಿಚ್ಚಿಕೊಂಡ. ದೊಡ್ಡವ್ವ ತನ್ನ ಖುರ್ಚಿಗಳನ್ನು ಒಂದರ ಮೇಲೊಂದು ಇಟ್ಟುಕೊಂಡು ಹೋದಳು. ಹೋಗುವಾಗ ನನ್ನ ಹತ್ತಿರ ಒಂದು ಗಳಿಗೆ ನಿಂತು, "ನೀನು ಭಾಳ ಶಾಣ್ಯಾ ಅದಿ ತಮ್ಮಾ" ಎಂದಳು. ಅಷ್ಟು ಕೆಟ್ಟ ಬೈಗುಳ ನಾನು ಇನ್ನೊಂದು ಕೇಳಿಲ್ಲ.

ವಾರದೊಳಗೆ ಶಾಲೆಯಿಂದ ಫೋನ್ ಬಂತು. ಪೂರ್ತಿ ಫೀ ಬಿಟ್ಟಿದ್ದರು. ಮಾಸ್ತರರೇ ಮಾತಾಡಿದರು. ಹುಡುಗಿಗೆ ಇದ್ದದ್ದು ಹೇಳಿ ಕರೆತಾ ಎಂದರು. ಹೇಳುತ್ತೇನೆ ಎಂದೆ. ನಿನ್ನನ್ನು ಶಾಲೆಗೆ ಬಿಡಲು ಹೋಗುವಾಗ ಬಸ್ಸಿನಲ್ಲಿ ನೀನು ಕಿಟಕಿಯ ಪಕ್ಕ ಕುಳಿತು ಕೇಳಿದೆ, ಅಣ್ಣಾ, ನನಗೆ ಯಾಕೆ ಫೀ ಬಿಟ್ಟರು ಎಂದು. ಹೇಳಲು ಹೋದೆ. ಹೇಳಿದರೆ ಆವತ್ತು ಓಣಿಯವರು ನೆಲ ನೋಡಿದ ಹಾಗೆ ನೀನೂ ಅವ್ವನ ಎದುರಿಗೆ ನೆಲ ನೋಡುತ್ತೀ ಎಂದು ಅನಿಸಿತು. ಮಾರ್ಕ್ಸಿಗೆ ಎಂದೆ. ಒಂದು ಮಾತು, ಅಷ್ಟೇ. ಅಷ್ಟು ಮಂದಿಯ ಎದುರಿಗೆ ಬೇಡವಾದ ಖರೆಯನ್ನೆಲ್ಲ ಹೇಳಿದವನಿಗೆ ಒಂದು ಕೂಸಿಗೆ ಬೇಕಾದ ಖರೆ ಹೇಳಲು ಧೈರ್ಯ ಬರಲಿಲ್ಲ.

ಅವರು ಮನೆ ನೋಡಿ ಹೋದ ಕೆಲವು ದಿನಕ್ಕೆ ಅವ್ವ ನನ್ನ ಜೋಡಿ ನೇರ ಮಾತಾಡುವುದನ್ನು ಬಿಟ್ಟಳು. ಗೋಡೆಗೆ ಹೇಳುತ್ತಾಳೆ, ಒಲೆಗೆ ಹೇಳುತ್ತಾಳೆ. ಊಟಕ್ಕೆ ಹೊತ್ತಾಯಿತು ಎಂದು ತಂಬಿಗೆಗೆ ಹೇಳುತ್ತಾಳೆ. ನಾನು ಉಣ್ಣುತ್ತೇನೆ. ಓಣಿಯವರು ಮಾತ್ರ ಬದಲಾದರು. ಗೊತ್ತಿಲ್ಲದಂತೆ ಇರುವ ಕೆಲಸ ತಪ್ಪಿತಲ್ಲ, ಈಗ ಮದುವೆಗೆ, ಸೀಮಂತಕ್ಕೆ ರೊಟ್ಟಿ ಬೇಕೆಂದು ನೇರ ಮುಂಬಾಗಿಲಿಗೇ ಬರುತ್ತಾರೆ. ಕೆಲಸ ಹೆಚ್ಚಾಗಿದೆ, ಮನೆ ಸ್ವಲ್ಪ ನೆಟ್ಟಗಾಗಿದೆ. ನೀನು ರಜೆಗೆ ಬಂದಾಗ ಮಾತ್ರ ಓಣಿಯವರೂ ಅವ್ವನೂ ಏನೂ ನಡೆದೇ ಇಲ್ಲದಂತೆ ಇರುತ್ತಾರೆ. ನೋಡು, ನಾನು ಹೇಳಿದ್ದರಿಂದಲೇ ಒಳ್ಳೆಯದಾಯಿತು ಎಂದು ನಾನು ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ. ಅವ್ವನ ಸಿಟ್ಟು ಖಾನಾವಳಿಯ ಗುಟ್ಟು ಬಿಚ್ಚಿದ್ದಕ್ಕೆ, ಇವತ್ತಲ್ಲ ನಾಳೆ ಇಳಿಯುತ್ತದೆ ಎಂದುಕೊಂಡಿದ್ದೆ.

ಅವ್ವ ಯಾಕೆ ನಿನ್ನನ್ನು ನೋಡಲು ಒಮ್ಮೆಯೂ ಬರಲಿಲ್ಲ ಎಂದು ನೀನು ಕೇಳಿದಾಗಲೆಲ್ಲ ಕಾಲು ನೋವು ಎಂದು ಬರೆದೆ. ಕಾಲು ಚೆನ್ನಾಗಿವೆ. ಆ ಶಾಲೆಯಲ್ಲಿ ಮಾಸ್ತರರು ಎದುರಾಗುತ್ತಾರೆ ಎಂದು ಅವಳು ಬರಲಿಲ್ಲ. ಇದೂ ನನ್ನ ಸುಳ್ಳೇ. ಒಂದು ಹೇಳಿದ ಮೇಲೆ ಅದಕ್ಕೆ ಕಾವಲು ಕಾಯಲು ಇನ್ನೊಂದು ಬೇಕಾಗುತ್ತದೆ.

ಸೋಮವಾರ ಸಂಜೆ ನಿನ್ನ ಕಾಗದವನ್ನು ಅವ್ವನಿಗೆ ಓದಿದೆ. ಮೊದಲ ಪುಟ ಮಾತ್ರ ಓದಿ ಮಡಚಬಹುದಿತ್ತು. ಎರಡನೆಯದನ್ನೂ ಓದಿದೆ. ಅವ್ವ ಜೋಳ ಹಸನು ಮಾಡುತ್ತಿದ್ದಳು. ಯಲ್ಲವ್ವನ ರೊಟ್ಟಿಯ ಮಾತು ಬಂದಾಗ ಮೊರ ಕೆಳಗಿಟ್ಟಳು. ಮತ್ತೊಮ್ಮೆ ಓದು ಎಂದಳು. ನನಗೇ ಹೇಳಿದಳು, ಗೋಡೆಗಲ್ಲ. ಮತ್ತೊಮ್ಮೆ ಓದಿದೆ.

ಇದು ನನ್ನ ತಪ್ಪು, ಅವಳಿಗೆ ಮಾರ್ಕ್ಸಿಗೆ ಬಿಟ್ಟರು ಎಂದು ಹೇಳಿದವನು ನಾನು ಎಂದೆ. ಅವ್ವನಿಗೆ ಅದು ಗೊತ್ತೇ ಇರಲಿಲ್ಲ. ನಿನಗೆ ಎಲ್ಲ ತಿಳಿದಿದೆ, ತಿಳಿದೇ ನೀನು ಇಷ್ಟು ದಿನ ಅವ್ವನನ್ನು ಮೊದಲಿನಂತೆ ಕಾಣುತ್ತಿದ್ದೀ ಎಂದು ಅವಳು ನಂಬಿದ್ದಳು. ಜೋಳದಲ್ಲಿದ್ದ ಒಂದು ಹರಳನ್ನು ಆರಿಸಿ ಹೊರಗೆ ಎಸೆದಳು. ಆಮೇಲೆ, ನಿನ್ನಿಂದ ಅಲ್ಲ, ಅವಳು ನನ್ನಿಂದ ಕಲಿತಳು ಎಂದಳು. ರೊಟ್ಟಿ ಮಾರುವುದನ್ನು ನಾನು ಕದ್ದ ಮಾಲಿನ ಹಾಗೆ ಮುಚ್ಚಿದೆ, ಮುಚ್ಚುವ ವಸ್ತು ನಾಚಿಕೆಯದು ಎಂದು ಕೂಸಿಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂದಳು.

ಅದಾದ ಮೇಲೆ ಇನ್ನೊಂದು ಮಾತು ಹೇಳಿದಳು. ಮೆತ್ತಗೆ ಹೇಳಿದಳು, ಸಿಟ್ಟಿನಿಂದಲ್ಲ.

"ಆ ಸೀರಿ ನಂದಪಾ."

ನನಗೆ ಮೊದಲು ತಿಳಿಯಲಿಲ್ಲ. ನೀನು ಹುಟ್ಟಿ ತೊಟ್ಟಿಲಿಗೆ ಹಾಕುವಾಗ ಅವಳ ತವರಿನವರು ತಂದ ಸೀರೆಯಂತೆ. ಬಾಣಂತಿಗೆ ಅವಳವ್ವ ಉಡಿಸಿದ್ದಂತೆ. ಅಪ್ಪ ಹೋದ ಮೇಲೆ ಟ್ರಂಕಿನ ತಳದಲ್ಲಿಟ್ಟಿದ್ದಳು. ಮನೆಯಲ್ಲಿ ಅವಳದು ಎಂದು ಉಳಿದಿದ್ದ ಒಳ್ಳೆಯ ವಸ್ತು ಅದೊಂದೇ. ಆವತ್ತು ಬೆಳಿಗ್ಗೆ ಪದ್ಮವ್ವ ದೊಡ್ಡವ್ವ ಬಟ್ಟೆ ಮುಚ್ಚಿ ಏನೋ ತಂದದ್ದನ್ನು ಕಂಡಿದ್ದೆ, ಅದೇ ಸೀರೆ ಎಂದುಕೊಂಡೆ. ಅದು ತಾಟು. ಇಷ್ಟು ಒಳ್ಳೆಯ ಸೀರೆ ನಮ್ಮ ಅವ್ವನದು ಇರಲಾರದು ಎಂದು ನಾನೇ ನಿರ್ಧಾರ ಮಾಡಿದ್ದೆ. ಓಣಿಯ ಎದುರಿಗೆ ಅವಳ ಮೈಮೇಲಿನ ಸೀರೆಯನ್ನು ಇನ್ನೊಬ್ಬರದು ಮಾಡಿಬಿಟ್ಟೆ. ಅದರ ಮೇಲೆ ಎಷ್ಟೋ ದಿನ, ಮಂದಿಯ ಸೀರೆ ಮನೆಯಲ್ಲಿ ಇಟ್ಟುಕೊಳ್ಳಬಾರದು, ಯಾವಾಗ ತಿರುಗಿ ಕೊಡುತ್ತೀ ಎಂದು ಅವಳ ಬೆನ್ನು ಹತ್ತಿ ಕೇಳಿದೆ. ಅದರ ನಂತರವೇ ಅವಳು ಗೋಡೆಯ ಜೋಡಿ ಮಾತಿಗೆ ಹತ್ತಿದ್ದು. ಗುಟ್ಟು ಬಿಚ್ಚಿದ್ದಕ್ಕಲ್ಲ.

ಆವತ್ತೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವ್ವ ಮತ್ತೆ ಮೊರ ಎತ್ತಿಕೊಂಡಳು. "ಸೀರಿ ನಂದು ಅಂದಿದ್ರ, ಹಂಗಾರ ಉಳದದ್ದೂ ನಿಮ್ದ ಇರಬೇಕು ಅಂತಿದ್ರು ಮಾಸ್ತರ. ನೀ ಹೇಳಿದ್ದೆಲ್ಲಾ ಸುಳ್ಳ ಆಗತಿತ್ತು. ಹುಡುಗಿ ಸಾಲಿ ಹೋಗತಿತ್ತು" ಎಂದಳು.

ದೊಡ್ಡವ್ವನೂ ಅಲ್ಲೇ ನಿಂತಿದ್ದಳು. ಅದು ತನ್ನದಲ್ಲ ಎಂದು ಅವಳಿಗೂ ಗೊತ್ತಿತ್ತು. ಅವಳೂ ತುಟಿ ಬಿಚ್ಚಲಿಲ್ಲ. ಆವತ್ತು ಆ ಮನೆಯಲ್ಲಿ ನಿನ್ನ ಫೀ ಉಳಿಸಿದ್ದು ನನ್ನ ಖರೆ ಎಂದು ನಾನು ಇಷ್ಟು ದಿನ ಎದೆ ಉಬ್ಬಿಸಿಕೊಂಡಿದ್ದೆ. ಆ ಖರೆಯಲ್ಲೊಂದು ಸುಳ್ಳಿತ್ತು, ಅದನ್ನು ಇಬ್ಬರು ಹೆಂಗಸರು ನುಂಗಿಕೊಂಡು ನಿಂತಿದ್ದರು. ಎರಡು ದಿನದಿಂದ ನಾನು ದೊಡ್ಡವ್ವನ ಮನೆಯ ಮುಂದೆ ಗಾಡಿ ಒಯ್ಯುತ್ತಿಲ್ಲ, ಸುತ್ತು ಹಾಕಿ ಹೋಗುತ್ತಿದ್ದೇನೆ.

ಇಷ್ಟು ನಡೆದದ್ದು. ಇನ್ನು ನಿನಗೆ ಹೇಳುವುದು ಸ್ವಲ್ಪ.

ನಾನು ನಿನಗಾಗಿ ಶಾಲೆ ಬಿಟ್ಟೆ ಎಂದು ಕೆಲವರು ಹೊಗಳುತ್ತಾರೆ. ನಂಬಬೇಡ. ನಾನು ಹತ್ತನೆಯ ಇಯತ್ತೆಯ ನಡುವೆ ಬಿಟ್ಟದ್ದು ಕೂತು ಕೂತು ಬೇಸರ ಬಂದು. ಯಾರೂ ಬಿಡು ಎನ್ನಲಿಲ್ಲ, ಯಾರೂ ನಗಲಿಲ್ಲ. ಒಂದು ಮಧ್ಯಾಹ್ನ ಗೋಡೆ ಹಾರಿದೆ, ಮತ್ತೆ ಹೋಗಲಿಲ್ಲ. ಆಮೇಲೆ ಹೋಗಬೇಕೆಂದು ಅನಿಸಿದಾಗ ಗೇಟಿನವರೆಗೆ ಹೋಗಿ ತಿರುಗಿ ಬಂದಿದ್ದೇನೆ. ಬಿಡುವುದು ಬಹಳ ಹಗುರ ಸಪ್ನಾ. ಹಾರಿದ ಗೋಡೆ ಆಮೇಲೆ ಎತ್ತರವಾಗುತ್ತದೆ. ಆದರೂ ನಾನು ಬಿಟ್ಟದ್ದು ನನ್ನ ಖುಷಿಗೆ. ಯಲ್ಲವ್ವ ಬಿಡುತ್ತಿರುವುದು ನಿನ್ನ ಮಾತಿಗೆ, ನಿನ್ನ ಮಾತಿನ ಹಿಂದೆ ನನ್ನ ಮಾತಿದೆ.

ಈ ಕಾಗದ ಸ್ಪೀಡ್ ಪೋಸ್ಟಿನಲ್ಲಿ ಹಾಕುತ್ತೇನೆ. ಶನಿವಾರದ ಒಳಗೆ ನಿನ್ನ ಕೈಗೆ ಬರಬೇಕು. ಹಣಮಂತಪ್ಪ ಬರುವುದು ರವಿವಾರ. ನಡುವೆ ನಿನಗೆ ಒಂದು ರಾತ್ರಿಯಾದರೂ ಇರುತ್ತದೆ. ಏನು ಮಾಡಬೇಕು ಎಂದು ನಾನು ಹೇಳುವುದಿಲ್ಲ. ಹೇಳುವ ಯೋಗ್ಯತೆ ನನಗೆ ಉಳಿದಿಲ್ಲ. ಕ್ಷಮಿಸು ಎಂದು ಅವಳನ್ನು ಎಲ್ಲರ ಎದುರಿಗೆ ಕೇಳಿ ಅವಳಿಗೆ ಇನ್ನಷ್ಟು ನಾಚಿಕೆ ಮಾಡಬೇಡ, ಅದೊಂದು ಮಾತ್ರ. ಎಲ್ಲರ ಎದುರಿಗೆ ಖರೆ ಹೇಳುವ ಹುಚ್ಚು ನನ್ನೊಬ್ಬನಿಗೆ ಸಾಕು. ಅವಳೊಬ್ಬಳೇ ಇರುವಾಗ ನಿನ್ನ ಮಾತು ನೀನು ಹೇಳು. ಬೇಕಾದರೆ ಈ ಕಾಗದವನ್ನೇ ಓದಲು ಕೊಡು.

ನನ್ನ ಮೇಲೆ ಸಿಟ್ಟು ಬಂದರೆ ಬರಲಿ. ಅವ್ವನ ಮೇಲೆ ಬೇಡ. ನಾವಿಬ್ಬರೂ ಕ್ಷೇಮ, ಮೈಯಿಂದ.

ಇಂತಿ,
ನಿನಗೆ ಸುಳ್ಳು ಹೇಳಿದ ಅಣ್ಣ,
ಶ್ರೀಶೈಲ

ತಾ.ಕ.: ಇಷ್ಟನ್ನೂ ಅವ್ವನಿಗೆ ಓದಿ ಹೇಳಿದೆ. ಖಾನಾವಳಿಯ ಮಾತು ಬೇಡವಾದರೆ ಕಾಟು ಹಾಕುತ್ತೇನೆ ಎಂದೆ. ಇರಲಿ ಎಂದಳು. ಸಿರಸಂಗಿಯಲ್ಲಿ ಹಣಮಂತಪ್ಪನ ಮನೆ ಯಾವ ಓಣಿ ಎಂದು ಕೇಳಿದಳು. ಗೊತ್ತಿಲ್ಲ ಎಂದೆ. ಕಾಳಿಕಾ ಗುಡಿಯ ಹತ್ತಿರ ಯಾರನ್ನಾದರೂ ಕೇಳಿದರೆ ಹೇಳುತ್ತಾರೆ ಎಂದಳು. ತನ್ನ ಮಗಳೂ ಫೀ ಬಿಟ್ಟವರಲ್ಲಿ ಒಬ್ಬಳು ಎಂದು ಅವರ ಮನೆಯಲ್ಲಿ ಕುಳಿತು ತಾನೇ ಹೇಳುತ್ತಾಳಂತೆ, ಹುಡುಗಿಯನ್ನು ಬಿಡಿಸಬೇಡಿ ಎಂದು ಕೇಳಿಕೊಳ್ಳುತ್ತಾಳಂತೆ. ಗಾಡಿಯಲ್ಲಿ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಬೇಡ, ನೀನು ಬಂದರೆ ನನಗಿಂತ ಮೊದಲು ನೀನೇ ಎಲ್ಲ ಹೇಳಿಬಿಡುತ್ತೀ ಎಂದಳು. ನಾಳೆ ಬೆಳಿಗ್ಗೆ ಸಿರಸಂಗಿಗೆಂದು ಮುನವಳ್ಳಿಯ ಮೊದಲ ಬಸ್ಸಿಗೆ ಅವ್ವ ಒಬ್ಬಳೇ ಹೊರಡುತ್ತಾಳೆ.